ಮೂರು ನಿಮಿಷದ ಮಾತು, ಒಂದು ಬೆಂಚು

ಶಿಕಾಗೊ, ಡೆಟ್ರಾಯ್ಟ್ ಸುತ್ತಲಿನ ಊರುಗಳಲ್ಲಿ ಪಾರ್ಕು ನಡೆಸುವವರು ಯಾರು? ಅಲ್ಲಿ ನಮ್ಮವರ ಮಾತಿಗೆ ಜಾಗ ಇದೆಯೆ?

ಊರಿನಿಂದ ಮಕ್ಕಳ ಮನೆಗೆ ಬರುವ ಹಿರಿಯರನ್ನು ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಹಗಲಿನ ಮೌನ. ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಆಮೇಲೆ ಸಂಜೆ ಐದರವರೆಗೆ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ. ಕಾರು ಓಡಿಸಲು ಬಾರದು, ಬಸ್ಸು ಹತ್ತಿರದಲ್ಲಿಲ್ಲ, ಎದುರು ಮನೆಯವರು ಕೈ ಬೀಸಿ ಗ್ಯಾರೇಜಿನ ಬಾಗಿಲು ಹಾಕಿಕೊಳ್ಳುತ್ತಾರೆ. ಅರಸೀಕೆರೆಯಿಂದ ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮನಿಗೆ ನಡೆದೇ ಹೋಗಬಹುದಾಗಿದ್ದ ಜಾಗ ಒಂದೇ ಒಂದು: ಮನೆಯ ಹಿಂದಿನ ಪಾರ್ಕು.

ಆಗ ನಾವಿದ್ದುದು ಶಿಕಾಗೊದ ಪಶ್ಚಿಮಕ್ಕಿರುವ ಒಂದು ಉಪನಗರದಲ್ಲಿ. ಪಾರ್ಕಿನ ನಡುವೆ ಒಂದು ಕೊಳ, ಕೊಳದ ತುಂಬ ಬಾತುಗಳು, ಸುತ್ತ ಒಂದೂವರೆ ಮೈಲಿಯ ಕಾಲುದಾರಿ. ಅಪ್ಪ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹಾಕುತ್ತಿದ್ದರು. ಅಲ್ಲೇ ಅವರಿಗೊಬ್ಬ ಗುಜರಾತಿ ಹಿರಿಯರು ಸಿಕ್ಕಿದರು, ಒಬ್ಬರು ತೆಲುಗಿನವರು ಸಿಕ್ಕಿದರು. ಮೂವರಿಗೂ ಅರ್ಧಂಬರ್ಧ ಹಿಂದಿ. ಮಾತಿಗೆ ಅಷ್ಟು ಸಾಕಾಯಿತು.

ತೊಂದರೆ ಒಂದೇ. ಬೆಂಚುಗಳೆಲ್ಲ ಕಾರು ನಿಲ್ಲಿಸುವ ಬದಿಯಲ್ಲಿದ್ದವು. ಕೊಳದ ಆಚೆ ಬದಿಯಲ್ಲಿ ಒಂದೂ ಇರಲಿಲ್ಲ. ಅಪ್ಪನಿಗೆ ಮಂಡಿನೋವು. ಮುಕ್ಕಾಲು ಮೈಲಿ ನಡೆದ ಮೇಲೆ ಕೂರಲೇಬೇಕು. ನೀರು ಹೋಗುವ ಮೋರಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಂದು ದಿನ ಏಳುವಾಗ ಮುಗ್ಗರಿಸಿ ಅಂಗೈ ತರಚಿಕೊಂಡು ಬಂದರು. ಆ ಸಂಜೆ ಕಾಫಿ ಕುಡಿಯುತ್ತಾ ಕೇಳಿದರು: "ಈ ಪಾರ್ಕು ಯಾರದ್ದು? ಒಂದು ಬೆಂಚು ಹಾಕ್ಸಿ ಅಂತ ಯಾರನ್ನ ಕೇಳ್ಬೇಕು?"

ಮುನಿಸಿಪಾಲಿಟಿಯದ್ದಿರಬೇಕು ಎಂದೆವು. ಆ ಊರಿನಲ್ಲಿ ಆರು ವರ್ಷ ತೆರಿಗೆ ಕಟ್ಟಿದ ಮೇಲೂ ನಮ್ಮ ಉತ್ತರ ತಪ್ಪಾಗಿತ್ತು.

ತೆರಿಗೆ ಬಿಲ್ಲಿನಲ್ಲಿ ಒಂದು ಸಾಲು

ಅಪ್ಪ ಹೈಸ್ಕೂಲು ಮೇಷ್ಟರಾಗಿದ್ದವರು. ನಿವೃತ್ತಿಯ ಮೇಲೆ ಗ್ರಾಮಸಭೆಗಳಿಗೆ ತಪ್ಪದೆ ಹೋಗಿ ಪ್ರಶ್ನೆ ಕೇಳುವವರು. ನಮ್ಮ "ಇರಬೇಕು" ಅವರಿಗೆ ಒಪ್ಪಿಗೆಯಾಗಲಿಲ್ಲ. ಮನೆಯ ಆಸ್ತಿ ತೆರಿಗೆಯ ಬಿಲ್ಲು ತರಿಸಿ ಕನ್ನಡಕ ಹಾಕಿಕೊಂಡು ಓದಿದರು. ಕೌಂಟಿಗೆ ಇಷ್ಟು, ಶಾಲೆಗೆ ಇಷ್ಟು, ಊರಿನ ಆಡಳಿತಕ್ಕೆ ಇಷ್ಟು, ಲೈಬ್ರರಿಗೆ ಇಷ್ಟು. ಅವುಗಳ ನಡುವೆ ಬೇರೆಯದೇ ಒಂದು ಸಾಲು: ಪಾರ್ಕ್ ಡಿಸ್ಟ್ರಿಕ್ಟ್.

ಇಲಿನಾಯ್ ರಾಜ್ಯದ ವಿಶೇಷ ಇದು. ಅಮೆರಿಕದ ಹೆಚ್ಚಿನ ಕಡೆ ಪಾರ್ಕು ನೋಡಿಕೊಳ್ಳುವುದು ನಗರಾಡಳಿತದ ಒಂದು ಇಲಾಖೆ. ಇಲಿನಾಯ್‌ನಲ್ಲಿ ಮಾತ್ರ ಪಾರ್ಕಿಗೇ ಒಂದು ಪುಟ್ಟ ಸರ್ಕಾರ. ರಾಜ್ಯದಲ್ಲಿ ಇಂಥ ಮುನ್ನೂರಕ್ಕೂ ಹೆಚ್ಚು ಪಾರ್ಕ್ ಡಿಸ್ಟ್ರಿಕ್ಟ್‌ಗಳಿವೆ. ಮೇಯರ್‌ಗೂ ನಗರಸಭೆಗೂ ಅವುಗಳ ಮೇಲೆ ಅಧಿಕಾರವಿಲ್ಲ. ಅವುಗಳ ಗಡಿ ಬೇರೆ, ಬಜೆಟ್ ಬೇರೆ, ಚುನಾವಣೆಯೂ ಬೇರೆ. ಐದು ಅಥವಾ ಏಳು ಮಂದಿಯ ಮಂಡಳಿ. ಸದಸ್ಯರನ್ನು ಕಮಿಷನರ್ ಎಂದು ಕರೆಯುತ್ತಾರೆ. ಕಮಿಷನರ್ ಎಂದ ಕೂಡಲೇ ನಮ್ಮ ಊರಿನ ಕಾರು, ದಫೇದಾರ ಕಣ್ಣಿಗೆ ಬರುತ್ತಾರೆ. ಇಲ್ಲಿ ಅವರು ಬೀದಿಯ ಕೊನೆಯ ಮನೆಯ ದಂತವೈದ್ಯೆಯೋ, ನಿವೃತ್ತ ಪೊಲೀಸನೋ, ಇಬ್ಬರು ಮಕ್ಕಳ ತಾಯಿಯೋ ಆಗಿರಬಹುದು. ಈ ಕೆಲಸಕ್ಕೆ ಸಂಬಳ ಇಲ್ಲ ಎಂದು ಕಾನೂನೇ ಹೇಳುತ್ತದೆ. ಬೆಸಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಚುನಾವಣೆ. ಪಕ್ಷದ ಚಿಹ್ನೆ ಇರುವುದಿಲ್ಲ.

ನಮ್ಮವರು ಬಹಳ ಮಂದಿ ನೆಲೆಸಿರುವ ನೇಪರ್‌ವಿಲ್ ಊರನ್ನೇ ನೋಡಿ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಅಲ್ಲಿನ ಪಾರ್ಕ್ ಡಿಸ್ಟ್ರಿಕ್ಟ್ ಹುಟ್ಟಿದ್ದು 1966ರಲ್ಲಿ, ಊರವರ ಮತದಿಂದ. ಚುನಾಯಿತ ಕಮಿಷನರ್‌ಗಳು ಏಳು ಮಂದಿ. ಬೇಸಿಗೆಯಲ್ಲಿ ಮಕ್ಕಳು ಮುಗಿಬೀಳುವ ಅಲ್ಲಿನ 'ಸೆಂಟೆನಿಯಲ್ ಬೀಚ್' ಮೊದಲು ಕಲ್ಲು ತೆಗೆಯುವ ಗಣಿಯಾಗಿತ್ತು. 1931ರಲ್ಲಿ ಊರಿಗೆ ನೂರು ವರ್ಷ ತುಂಬಿದ ನೆನಪಿಗೆ ಆ ಹೊಂಡವನ್ನು ಈಜುವ ತಾಣವಾಗಿ ಮಾಡಿಕೊಂಡರು. ಪಾಳು ಬಿದ್ದ ಕಲ್ಲು ಕ್ವಾರಿಗಳು ಎಷ್ಟು ಅಪಾಯವೆಂದು ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಅದೇ ಹೊಂಡದ ದಡದಲ್ಲಿ ಕಾವಲು ಈಜುಗಾರರು ಸೀಟಿ ಹಿಡಿದು ಕೂತಿರುತ್ತಾರೆ.

ತೋಟದೊಳಗಿನ ನಗರ

ಶಿಕಾಗೊ ನಗರದ್ದು ಇನ್ನೂ ಹಳೆಯ ಕಥೆ. 1837ರಷ್ಟು ಹಿಂದೆಯೇ ಆ ಊರು ತನ್ನ ಮುದ್ರೆಯಲ್ಲಿ ಬರೆಸಿಕೊಂಡ ಲ್ಯಾಟಿನ್ ಮಾತಿನ ಅರ್ಥ 'ತೋಟದೊಳಗಿನ ನಗರ'. 1869ರಲ್ಲಿ ರಾಜ್ಯದ ಶಾಸನಸಭೆ ಊರಿನ ದಕ್ಷಿಣಕ್ಕೆ, ಪಶ್ಚಿಮಕ್ಕೆ, ಲಿಂಕನ್ ಪಾರ್ಕಿಗೆ ಎಂದು ಮೂರು ಪಾರ್ಕ್ ಕಮಿಷನ್‌ಗಳನ್ನು ಮಾಡಿತು. ಆಮೇಲೆ ಅಂಥವು ಬೆಳೆಯುತ್ತಾ ಹೋಗಿ ಇಪ್ಪತ್ತೆರಡಾದವು. ಮಹಾಕುಸಿತದ ಕಾಲದಲ್ಲಿ ಅಷ್ಟನ್ನೂ ಸಾಕುವುದು ಆಗದೆ 1934ರಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಶಿಕಾಗೊ ಪಾರ್ಕ್ ಡಿಸ್ಟ್ರಿಕ್ಟ್ ಆಯಿತು. ಇಂದು ಅದರ ಕೈಯಲ್ಲಿ 600ಕ್ಕೂ ಹೆಚ್ಚು ಪಾರ್ಕುಗಳು, 8,800 ಎಕರೆಗೂ ಹೆಚ್ಚು ನೆಲ ಇದೆ. ಉಪನಗರಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ: ಇಲ್ಲಿನ ಏಳು ಕಮಿಷನರ್‌ಗಳನ್ನು ಜನ ಆರಿಸುವುದಿಲ್ಲ. ಮೇಯರ್ ನೇಮಿಸುತ್ತಾರೆ, ನಗರಸಭೆ ಒಪ್ಪುತ್ತದೆ.

ಶಿಕಾಗೊ ನೋಡಲು ಬಂದ ಕನ್ನಡಿಗರೆಲ್ಲ ಹೋಗುವ ಜಾಗ ಆರ್ಟ್ ಇನ್‌ಸ್ಟಿಟ್ಯೂಟ್. 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದ ಕಟ್ಟಡ. ಅದು ನಿಂತಿರುವುದು ಗ್ರಾಂಟ್ ಪಾರ್ಕಿನೊಳಗೆ. ಸರೋವರದ ದಡದ ಅಷ್ಟು ಬೆಲೆಬಾಳುವ ನೆಲದಲ್ಲಿ ಗಗನಚುಂಬಿಗಳು ಏಳದೆ ಹುಲ್ಲು ಹೇಗೆ ಉಳಿಯಿತು ಎಂದು ಬಂದವರೆಲ್ಲ ಕೇಳುತ್ತಾರೆ. ಅಂಚೆಯಲ್ಲಿ ಸಾಮಾನು ಮಾರಿ ದೊಡ್ಡವನಾದ ವ್ಯಾಪಾರಿ ಮಾಂಟ್‌ಗೊಮೆರಿ ವಾರ್ಡ್ ಅದಕ್ಕೆ ಕಾರಣ. 1836ರ ನಕ್ಷೆಯಲ್ಲಿ ಆ ನೆಲ ಕಟ್ಟಡವಿಲ್ಲದೆ ಎಲ್ಲರಿಗೂ ತೆರೆದಿರಬೇಕು ಎಂದು ಬರೆದಿತ್ತು. ಆ ಒಂದು ಸಾಲನ್ನು ಹಿಡಿದು ವಾರ್ಡ್ 1890ರಿಂದ 1911ರವರೆಗೆ ಕೋರ್ಟು ಹತ್ತಿದ. ನಗರದ ದೊಡ್ಡವರೆಲ್ಲ ಅವನನ್ನು ಬೈದರು. ಕೊನೆಗೆ ಗೆದ್ದ. ಆರ್ಟ್ ಇನ್‌ಸ್ಟಿಟ್ಯೂಟ್ ಒಂದಕ್ಕೆ ಮಾತ್ರ ವಿನಾಯಿತಿ ಸಿಕ್ಕಿತ್ತು. ಇಂದು ಮಿಷಿಗನ್ ಅವೆನ್ಯೂದಲ್ಲಿ ನಿಂತು ನಾವು ಫೋಟೊ ತೆಗೆದು ಊರಿಗೆ ಕಳಿಸುವಾಗ ಹಿಂದೆ ನೀಲಿ ನೀರು ಕಾಣುವುದು ಆ ಮೊಕದ್ದಮೆಗಳ ಫಲ.

ನೆಲ ಉಳಿಸುವುದಷ್ಟೇ ಕಮಿಷನ್ನಿನ ಕೆಲಸ ಎಂದುಕೊಂಡಿದ್ದೆವು. ಆದರೆ ಬಡವರ ಬಡಾವಣೆಗಳಲ್ಲಿ ಪಾರ್ಕಿನೊಳಗೇ ಒಂದು ಕಟ್ಟಡ ಕಟ್ಟಿ, ಅದರಲ್ಲಿ ಸ್ನಾನದ ಮನೆ, ವ್ಯಾಯಾಮಶಾಲೆ, ಓದುವ ಕೋಣೆ, ಸಭಾಂಗಣ ಇಡುವ ಪದ್ಧತಿಯನ್ನು ದಕ್ಷಿಣದ ಕಮಿಷನ್ 1905ರಲ್ಲೇ ಶುರುಮಾಡಿತ್ತು. ಅದಕ್ಕೆ 'ಫೀಲ್ಡ್‌ಹೌಸ್' ಎಂದು ಹೆಸರು. ಆಗ ಕಸಾಯಿಖಾನೆಗಳಲ್ಲಿ ದುಡಿಯಲು ಬಂದ ಪೋಲೆಂಡ್, ಲಿಥುವೇನಿಯದ ಕುಟುಂಬಗಳಿಗೆ ಊರಿನ ಪರಿಚಯವಾಗುತ್ತಿದ್ದುದು ಅಂಥ ಕಡೆ. ನೂರು ವರ್ಷದ ಮೇಲೆ ನಮ್ಮವರಿಗೂ ಊರಿನ ಪರಿಚಯ ಅಲ್ಲೇ ಆಗುತ್ತಿದೆ.

ಈಜು, ಚಿತ್ರ, ಸ್ಕೇಟಿಂಗ್

ವರ್ಷಕ್ಕೆ ಮೂರು ನಾಲ್ಕು ಬಾರಿ ಪಾರ್ಕ್ ಡಿಸ್ಟ್ರಿಕ್ಟ್ ತನ್ನ ತರಗತಿಗಳ ಪಟ್ಟಿ ಹೊರಡಿಸುತ್ತದೆ. ಈಜು, ಜಿಮ್ನಾಸ್ಟಿಕ್ಸ್, ಮಣ್ಣಿನ ಕೆಲಸ, ಚೆಸ್, ಐಸ್ ಸ್ಕೇಟಿಂಗ್, ಬೇಸಿಗೆ ಶಿಬಿರ, ಹಿರಿಯರ ಯೋಗ, ಅಜ್ಜ ಅಜ್ಜಿಯರ ನಡಿಗೆ ಗುಂಪು. ಅನೇಕ ಕಡೆ ಭರತನಾಟ್ಯವೂ ಬಾಲಿವುಡ್ ಕುಣಿತವೂ ಪಟ್ಟಿಗೆ ಸೇರಿವೆ. ಊರಿನಲ್ಲಿ ಮೊಮ್ಮಗು ಈಜು ಕಲಿಯಿತೆಂದು ವಿಡಿಯೊ ನೋಡಿ ಖುಷಿಪಡುವ ಅಜ್ಜಂದಿರೆ, ಆ ಕೊಳ ನಡೆಸುತ್ತಿರುವುದು ಹೆಚ್ಚಾಗಿ ಈ ಪುಟ್ಟ ಸರ್ಕಾರ.

ಹಣದ ಲೆಕ್ಕ ಸರಳ. ಹುಲ್ಲು, ಮರ, ಕಾಲುದಾರಿ, ಆಟದ ಜಾರುಬಂಡೆಗಳ ಖರ್ಚು ತೆರಿಗೆಯಿಂದ. ತರಗತಿಗಳ ಖರ್ಚು ಬಹುಪಾಲು ಶುಲ್ಕದಿಂದ. ಗಡಿಯೊಳಗೆ ವಾಸಿಸುವವರಿಗೆ ಒಂದು ದರ, ಹೊರಗಿನವರಿಗೆ ಹೆಚ್ಚಿನ ದರ. ಬಾಡಿಗೆ ಮನೆಯಲ್ಲಿದ್ದರೂ ನೀವು ಒಳಗಿನವರೇ. ವಿಳಾಸದ ಪುರಾವೆ ಸಾಕು. ಇದು ಗೊತ್ತಿಲ್ಲದೆ ಹೊರಗಿನ ದರ ಕೊಟ್ಟವರನ್ನು ನಾವು ಕಂಡಿದ್ದೇವೆ. ಶುಲ್ಕ ಕಟ್ಟಲಾಗದ ಕುಟುಂಬಕ್ಕೆ ರಿಯಾಯಿತಿ ಇರುವ ಕಡೆಗಳೂ ಬಹಳ. ಅರ್ಜಿ ಹಾಕಿ ಕೇಳಬೇಕು.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಆಟಿಸಂ ಅಥವಾ ಬೇರೆ ತೊಂದರೆ ಇರುವ ಮಕ್ಕಳನ್ನು ನಮ್ಮ ಕೆಲವು ಕುಟುಂಬಗಳು ಇಲ್ಲಿಯೂ ಮನೆಯೊಳಗೇ ಇಟ್ಟುಕೊಳ್ಳುತ್ತವೆ. ಇಲಿನಾಯ್‌ನಲ್ಲಿ ಅಕ್ಕಪಕ್ಕದ ಪಾರ್ಕ್ ಡಿಸ್ಟ್ರಿಕ್ಟ್‌ಗಳು ಹಣ ಕೂಡಿಸಿ ಇಂಥ ಮಕ್ಕಳಿಗಾಗಿಯೇ ಸಂಘಗಳನ್ನು ಕಟ್ಟಿಕೊಂಡಿವೆ. ಶಿಕಾಗೊದ ಉತ್ತರದ ಉಪನಗರಗಳು ಅದನ್ನು 1970ರಲ್ಲಿ ಆರಂಭಿಸಿದವು. ಅದಕ್ಕೂ ಮೊದಲು, 1968ರ ಜುಲೈ 20ರಂದು ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ಮೊದಲ ಸ್ಪೆಷಲ್ ಒಲಿಂಪಿಕ್ಸ್ ನಡೆಯಿತು. ಅದರ ಹಿಂದೆ ದುಡಿದವರಲ್ಲೊಬ್ಬರು ಪಾರ್ಕ್ ಡಿಸ್ಟ್ರಿಕ್ಟಿನ ವ್ಯಾಯಾಮ ಶಿಕ್ಷಕಿ ಆನ್ ಬರ್ಕ್. ಮುಂದೆ ಅವರು ಇಲಿನಾಯ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಇಂದು ಜಗತ್ತಿನ ತುಂಬ, ಭಾರತದಲ್ಲೂ ನಡೆಯುವ ಆ ಕ್ರೀಡಾಕೂಟದ ಬೇರು ಒಂದು ಊರಿನ ಪಾರ್ಕ್ ಇಲಾಖೆಯಲ್ಲಿದೆ.

ಅಪ್ಪನ ಮೂರು ನಿಮಿಷ

ಬೆಂಚಿನ ಕಥೆಗೆ ಬರೋಣ. ಪಾರ್ಕ್ ಡಿಸ್ಟ್ರಿಕ್ಟಿನ ಸಭೆ ಎಂದು, ಏನೇನು ವಿಷಯ ಎಂಬುದನ್ನು ನಲವತ್ತೆಂಟು ಗಂಟೆ ಮುಂಚೆ ಪ್ರಕಟಿಸಬೇಕೆಂದು ಇಲಿನಾಯ್‌ನ ಮುಕ್ತ ಸಭೆಗಳ ಕಾನೂನು ಹೇಳುತ್ತದೆ. ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ: ಸಭೆಯಲ್ಲಿ ಯಾವ ವ್ಯಕ್ತಿಗಾದರೂ ಮಾತಾಡಲು ಅವಕಾಶ ಕೊಡಬೇಕು. 'ಪ್ರಜೆ' ಎಂದಿಲ್ಲ, 'ಮತದಾರ' ಎಂದೂ ಇಲ್ಲ. ಅಪ್ಪ ಆ ಸಾಲನ್ನು ಎರಡು ಸಲ ಓದಿಸಿದರು. "ನಾನೂ ವ್ಯಕ್ತಿ ತಾನೆ?" ಎಂದರು.

ನಾವು ಹಿಂಜರಿದೆವು ಎಂದು ಒಪ್ಪಿಕೊಳ್ಳಬೇಕು. ಆಗ ನಮ್ಮ ಕೈಯಲ್ಲಿದ್ದುದು ಕೆಲಸದ ವೀಸಾ. ಸರ್ಕಾರದ ಮುಂದೆ ಹೋಗಿ ಏನಾದರೂ ಕೇಳಿದರೆ ಹೆಸರು ಎಲ್ಲೋ ದಾಖಲಾಗಿ ಮುಂದೆ ತೊಂದರೆಯಾದೀತೆಂಬ ಅಳುಕು. ಇಲ್ಲಿ ಬಂದ ನಮ್ಮವರಲ್ಲಿ ಆ ಅಳುಕು ಬಹಳ ಮಂದಿಗಿದೆ. ತೆರಿಗೆ ಕಟ್ಟುತ್ತೇವೆ, ಹುಲ್ಲು ಕತ್ತರಿಸುತ್ತೇವೆ, ಸಭೆಗೆ ಹೋಗುವುದಿಲ್ಲ. ಕೊನೆಗೆ ಅಪ್ಪನ ಹಟಕ್ಕೆ ಮಣಿದು ಒಂದು ಗುರುವಾರ ಸಂಜೆ ಏಳಕ್ಕೆ ಕರೆದುಕೊಂಡು ಹೋದೆವು.

ಶಾಲೆಯ ಕೋಣೆಯಷ್ಟು ದೊಡ್ಡ ಸಭಾಂಗಣ. ಉದ್ದ ಮೇಜಿನ ಹಿಂದೆ ಏಳು ಮಂದಿ, ಮುಂದೆ ಮೂವತ್ತು ಕುರ್ಚಿ. ಕೂತವರು ನಮ್ಮನ್ನೂ ಸೇರಿಸಿ ಒಂಬತ್ತು ಜನ. ಮೊದಲು ಧ್ವಜವಂದನೆ, ಅಪ್ಪನೂ ಎದ್ದು ನಿಂತರು. ಬಾಗಿಲ ಬಳಿಯ ಚೀಟಿಯಲ್ಲಿ ಅವರ ಹೆಸರು ಬರೆದಿದ್ದೆವು. ಆ ಊರಿನ ನಿಯಮದಂತೆ ಒಬ್ಬೊಬ್ಬರಿಗೆ ಮೂರು ನಿಮಿಷ.

ಅಪ್ಪ ಬರೆದುಕೊಂಡು ಹೋಗಿದ್ದರು. ತಾವು ಭೇಟಿಗೆ ಬಂದವರು, ಈ ಪಾರ್ಕು ತಮ್ಮ ದಿನದ ಮುಖ್ಯ ಭಾಗ, ಕೊಳದ ಆಚೆ ಬದಿಯಲ್ಲಿ ಕೂರಲು ಜಾಗವಿಲ್ಲ, ಹದಿನೈದು ದಿನ ಎಣಿಸಿ ನೋಡಿದ್ದೇನೆ, ಬೆಳಿಗ್ಗೆ ಆ ದಾರಿಯಲ್ಲಿ ನಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ವಯಸ್ಸಿನವರು ಎಂದರು. ಎಣಿಕೆಯ ಹಾಳೆಯನ್ನು ಮೇಜಿನ ಮೇಲಿಟ್ಟರು. ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಸಿ "ಥ್ಯಾಂಕ್ ಯೂ" ಎಂದು ಕೂತರು. ಮಂಡಳಿಯವರು ಉತ್ತರ ಕೊಡಲಿಲ್ಲ. ಸಾರ್ವಜನಿಕರ ಮಾತಿಗೆ ಅಲ್ಲೇ ಉತ್ತರ ಕೊಡದಿರುವುದು ಅಲ್ಲಿನ ರೂಢಿ. ಅಧ್ಯಕ್ಷೆ ಬರೆದುಕೊಂಡರು, ಅಷ್ಟೆ. ಆಮೇಲೆ ಹುಲ್ಲು ಕತ್ತರಿಸುವ ಗುತ್ತಿಗೆಯ ಮೇಲೆ ನಲವತ್ತು ನಿಮಿಷ ಚರ್ಚೆ ನಡೆಯಿತು. ಅಪ್ಪ ಕೊನೆಯವರೆಗೂ ಕೂತು ಕೇಳಿದರು. ಕಾರಿನಲ್ಲಿ ಬರುವಾಗ ಅವರು ಹೇಳಿದ್ದು ಇಷ್ಟು: "ಲೆಕ್ಕ ಓದಿ ಹೇಳಿದ್ರು. ಅದು ಒಳ್ಳೇದು."

ಎರಡು ವಾರದ ಮೇಲೆ ಒಂದು ಪತ್ರ ಬಂತು. ಬೆಂಚು ಎಂದರೆ ಬರೀ ಬೆಂಚು ಇಟ್ಟರಾಗದು, ಕೆಳಗೆ ಕಾಂಕ್ರೀಟ್ ಹಾಸಬೇಕು, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಜಾಗ ಬಿಡಬೇಕು, ಮುಂದಿನ ವರ್ಷ ಆ ಕಾಲುದಾರಿಯ ದುರಸ್ತಿ ಇದೆ, ಅದರೊಂದಿಗೆ ಪರಿಗಣಿಸುತ್ತೇವೆ ಎಂದು. 'ಪರಿಗಣಿಸುತ್ತೇವೆ' ಎಂಬ ಮಾತು ಅಪ್ಪನಿಗೆ ಹೊಸದಲ್ಲ. ನಕ್ಕು ಪತ್ರವನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡರು. ನವೆಂಬರಿನಲ್ಲಿ ಊರಿಗೆ ಹೋದರು.

ಸೋತದ್ದು ಕ್ರಿಕೆಟ್

ಬೆಂಚಿನ ಉತ್ಸಾಹದಲ್ಲಿ ಮರುವರ್ಷ ನಾವು ಇನ್ನೊಂದಕ್ಕೆ ಕೈ ಹಾಕಿದೆವು. ಊರಿನಲ್ಲಿ ಬೇಸ್‌ಬಾಲ್ ಮೈದಾನಗಳು ಹಲವು, ಸಾಕರ್ ಮೈದಾನಗಳು ಹಲವು, ಕ್ರಿಕೆಟ್ಟಿಗೆ ಒಂದೂ ಇಲ್ಲ. ಶಿಕಾಗೊ ನಗರದ ವಾಷಿಂಗ್ಟನ್ ಪಾರ್ಕಿನಂಥ ಕಡೆ ಕ್ರಿಕೆಟ್ ಆಡುತ್ತಾರೆ. ನಮಗೆ ಅದು ದೂರ. ಒಂದು ಪಿಚ್ ಕೊಡಿ ಎಂದು ಅರ್ಜಿ ಹಾಕಿದೆವು. ನೂರಾರು ಸಹಿ ಸಂಗ್ರಹಿಸಿದೆವು.

ಸಭೆಯ ದಿನ ಮೈದಾನದ ಅಕ್ಕಪಕ್ಕದ ಮನೆಯವರು ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂದಿದ್ದರು. ಕ್ರಿಕೆಟ್ ಮೈದಾನ ಎರಡು ಮೂರು ಸಾಕರ್ ಮೈದಾನದಷ್ಟು ಜಾಗ ನುಂಗುತ್ತದೆ, ಚೆಂಡು ಗಟ್ಟಿ, ಪಂದ್ಯ ದಿನವಿಡೀ ನಡೆಯುತ್ತದೆ, ಕಾರುಗಳು ಬೀದಿ ತುಂಬುತ್ತವೆ ಎಂದು ಒಬ್ಬೊಬ್ಬರಾಗಿ ಮೂರು ಮೂರು ನಿಮಿಷ ಹೇಳಿದರು. ಕೆಲವು ಮಾತುಗಳು ನಮಗೆ ಚುಚ್ಚಿದವು. ಕೆಲವು ಮಾತುಗಳಲ್ಲಿ ಸತ್ಯವೂ ಇತ್ತು. ನಮ್ಮ ಕಡೆಯಿಂದ ಬಂದವರು ನಾಲ್ಕು ಜನ. ಸಹಿ ಹಾಕಿದ ಉಳಿದವರಿಗೆ ಆಫೀಸು, ಮೀಟಿಂಗು, ಮಗುವಿನ ಪಿಯಾನೊ ತರಗತಿ. ಐದಕ್ಕೆ ಎರಡು ಮತಗಳಿಂದ ಅರ್ಜಿ ಬಿತ್ತು.

ವಾಪಸು ಬರುವಾಗ ಸಿಟ್ಟಿತ್ತು. ತಣ್ಣಗಾದ ಮೇಲೆ ಒಂದು ಲೆಕ್ಕ ಕಂಡಿತು. ಆ ಏಳು ಮಂದಿಯನ್ನು ಆರಿಸುವ ಚುನಾವಣೆಗೆ ಹೋಗುವ ಮತದಾರರೇ ಕಡಿಮೆ. ಅಂಥ ಚುನಾವಣೆಯಲ್ಲಿ ಕೆಲವೇ ನೂರು ಮತಗಳೂ ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಪೌರತ್ವ ಪಡೆದ ನಮ್ಮವರು ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆಗೆ ರಾತ್ರಿಯೆಲ್ಲ ಟಿವಿ ನೋಡುತ್ತಾರೆ. ಏಪ್ರಿಲ್ ತಿಂಗಳ ಮತಪತ್ರದ ಕೆಳತುದಿಯಲ್ಲಿರುವ ಪಾರ್ಕ್ ಕಮಿಷನರ್ ಹೆಸರುಗಳನ್ನು ಓದಿದವರು ನಮ್ಮ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

ಡೆಟ್ರಾಯ್ಟ್‌ನಲ್ಲಿ ಲೆಕ್ಕ ಬೇರೆ

ಕೆಲಸ ಬದಲಾಗಿ ನಾವು ಡೆಟ್ರಾಯ್ಟ್ ಕಡೆಗೆ ಬಂದೆವು. ಶಿಕಾಗೊದಿಂದ ಸುಮಾರು 450 ಕಿಲೋಮೀಟರ್, ಹೆದ್ದಾರಿಯಲ್ಲಿ ನಾಲ್ಕೂವರೆ ಗಂಟೆ. ಎರಡೂ ಊರು ಕನ್ನಡಿಗರಿಗೆ ಹಳೆಯ ಪರಿಚಯ. ಅಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಇಲ್ಲಿ ಪಂಪ ಕನ್ನಡ ಕೂಟ. ಅಕ್ಕ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ಡೆಟ್ರಾಯ್ಟ್‌ನಲ್ಲಿ, 2008ರಲ್ಲಿ ಶಿಕಾಗೊದಲ್ಲಿ ನಡೆದಿತ್ತು. ಆದರೆ ಪಾರ್ಕಿನ ಆಡಳಿತಕ್ಕೆ ಬಂದರೆ ಕಲಿತದ್ದನ್ನು ಮತ್ತೆ ಕಲಿಯಬೇಕಾಯಿತು.

ಮಿಷಿಗನ್‌ನ ಊರುಗಳಲ್ಲಿ ಸಾಮಾನ್ಯವಾಗಿ ಪಾರ್ಕು ನಗರಾಡಳಿತದ ಕೆಳಗೇ ಇರುತ್ತದೆ. ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ನಂಥ ಊರುಗಳಲ್ಲಿ ಪಾರ್ಕು ಮತ್ತು ಮನರಂಜನೆಗೆ ಕಮಿಷನ್ ಇದೆ. ಅದರ ಸದಸ್ಯರು ನೇಮಕಗೊಂಡ ನಾಗರಿಕರು. ಅವರ ಕೆಲಸ ಸಲಹೆ ಕೊಡುವುದು: ಎಲ್ಲಿ ಕಾಲುದಾರಿ ಬೇಕು, ಯಾವ ಆಟದ ಸಲಕರಣೆ ಹಳೆಯದಾಯಿತು, ಯಾವ ತರಗತಿ ಖಾಲಿ ಹೋಗುತ್ತಿದೆ. ಹಣ ಬಿಡುಗಡೆ ಮಾಡುವುದು ನಗರಸಭೆ. ಹಾಗಾಗಿ ಇಲ್ಲಿ ಒಂದು ಬೆಂಚು ಬೇಕಾದರೆ ಎರಡು ಬಾಗಿಲು ತಟ್ಟಬೇಕು. ಅನುಕೂಲವೂ ಇದೆ. ಕಮಿಷನ್ ಸೇರಲು ಚುನಾವಣೆಗೆ ನಿಲ್ಲಬೇಕಾಗಿಲ್ಲ; ಅರ್ಜಿ ಹಾಕಿದರೆ ಸಂದರ್ಶನಕ್ಕೆ ಕರೆಯುತ್ತಾರೆ. 1976ರ ಮಿಷಿಗನ್‌ನ ಮುಕ್ತ ಸಭೆಗಳ ಕಾನೂನಿನಲ್ಲೂ ಸಭೆಗೆ ಬಂದ ವ್ಯಕ್ತಿಗೆ ಮಾತಾಡುವ ಹಕ್ಕು ಉಂಟು.

ದೊಡ್ಡ ಖರ್ಚಿಗೆ ಜನರನ್ನೇ ಕೇಳುತ್ತಾರೆ. ಅದಕ್ಕೆ ಇಲ್ಲಿ 'ಮಿಲೇಜ್' ಎಂಬ ಹೆಸರು. ಒಂದು ಮಿಲ್ ಎಂದರೆ ತೆರಿಗೆ ಲೆಕ್ಕದ ಮನೆಬೆಲೆಯಲ್ಲಿ ಪ್ರತಿ ಸಾವಿರ ಡಾಲರಿಗೆ ಒಂದು ಡಾಲರು. ಅಷ್ಟು ಮಿಲ್ ಪಾರ್ಕಿಗೆ ಕೊಡುವಿರಾ ಎಂದು ಮತಪತ್ರದಲ್ಲಿ ಪ್ರಶ್ನೆ ಇರುತ್ತದೆ. ಹೌದು ಎಂದರೆ ಕೊಡಬೇಕು, ಬೇಡ ಎಂದರೆ ಇಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಹ್ಯಾರಿಸನ್ ಹೈಸ್ಕೂಲು ಮಕ್ಕಳಿಲ್ಲದೆ 2019ರಲ್ಲಿ ಮುಚ್ಚಿತು. ಆ ಕಟ್ಟಡವನ್ನು ನಗರ ಕೆಡವಲಿಲ್ಲ. ಈಜುಕೊಳ, ವ್ಯಾಯಾಮಶಾಲೆ, ರಂಗಮಂದಿರ ಸೇರಿಸಿ 'ದಿ ಹಾಕ್' ಎಂಬ ಸಮುದಾಯ ಕೇಂದ್ರವಾಗಿ ಮಾಡಿಕೊಂಡಿತು.

ಇದರ ಮೇಲೆ ಇನ್ನೊಂದು ಪದರ ಇದೆ. ಡೆಟ್ರಾಯ್ಟ್ ಸುತ್ತಲಿನ ಐದು ಕೌಂಟಿಗಳ ಮತದಾರರು 1940ರಲ್ಲಿ ಒಪ್ಪಿ ಕಟ್ಟಿಕೊಂಡ ಹ್ಯೂರಾನ್-ಕ್ಲಿಂಟನ್ ಮೆಟ್ರೊಪಾರ್ಕ್ಸ್. ಏಳು ಕಮಿಷನರ್‌ಗಳು: ಕೌಂಟಿಗೆ ಒಬ್ಬರಂತೆ ಐದು, ರಾಜ್ಯಪಾಲರು ನೇಮಿಸುವ ಇಬ್ಬರು. ಹದಿಮೂರು ಪಾರ್ಕುಗಳು, ಸುಮಾರು 25,000 ಎಕರೆ. ನಮಗೆ ಹತ್ತಿರದ್ದು ಕೆನ್ಸಿಂಗ್ಟನ್. ಅಲ್ಲಿ ಹ್ಯೂರಾನ್ ನದಿಗೆ ಕಟ್ಟೆ ಹಾಕಿ ಮಾಡಿದ 1,200 ಎಕರೆಯ ಕೆರೆ ಇದೆ. ಅಲ್ಲಿನ ನಿಸರ್ಗ ಕೇಂದ್ರದ ಕಾಡುದಾರಿಯಲ್ಲಿ ಅಂಗೈ ಚಾಚಿ ಸುಮ್ಮನೆ ನಿಂತರೆ ಗುಬ್ಬಿಗಿಂತ ಚಿಕ್ಕದಾದ ಚಿಕಡೀ ಹಕ್ಕಿ ಬಂದು ಬೆರಳ ಮೇಲೆ ಕೂರುತ್ತದೆ. ಕಳೆದ ಚಳಿಗಾಲ ಅಮ್ಮ ಕೈಗವಸು ತೆಗೆದು ಅರ್ಧ ಗಂಟೆ ನಿಂತರು. ಹಕ್ಕಿ ಕೂತ ಮೇಲೂ ಕೈ ಇಳಿಸಲು ಒಪ್ಪಲಿಲ್ಲ.

ದುಡ್ಡು ನಿಂತಾಗ

ಎಲ್ಲ ಸೊಗಸಾಗಿಯೇ ಇದೆ ಎಂದು ಬರೆದರೆ ಅರ್ಧ ಸುಳ್ಳಾದೀತು. ಡೆಟ್ರಾಯ್ಟ್ ನಗರದ ನಡುವೆ, ನದಿಯಲ್ಲಿ, ಕೆನಡಾದ ಎದುರಿಗೆ ಬೆಲ್ ಐಲ್ ಎಂಬ 982 ಎಕರೆಯ ದ್ವೀಪ ಪಾರ್ಕು ಇದೆ. ನಗರ ಅದನ್ನು ಕೊಂಡದ್ದು 1879ರಲ್ಲಿ. ಕಾರ್ಖಾನೆಗಳು ಹೋದವು, ಜನ ಹೋದರು, ತೆರಿಗೆ ಬತ್ತಿತು. 2013ರ ಫೆಬ್ರುವರಿಯಲ್ಲಿ ಮೇಯರ್ ಡೇವ್ ಬಿಂಗ್ ಐವತ್ತು ಪಾರ್ಕುಗಳನ್ನು ಮುಚ್ಚುವುದಾಗಿ ಹೇಳಿದರು. ಕಂಪನಿಗಳ ದೇಣಿಗೆ ಬಂದು ಅವು ಉಳಿದವು. ಅದೇ ಜುಲೈಯಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. 2014ರಲ್ಲಿ ಬೆಲ್ ಐಲನ್ನು ಮೂವತ್ತು ವರ್ಷದ ಗುತ್ತಿಗೆಯ ಮೇಲೆ ರಾಜ್ಯ ನೋಡಿಕೊಳ್ಳಲು ತೆಗೆದುಕೊಂಡಿತು. ಈಗ ಕಾರಿನಲ್ಲಿ ಹೋದರೆ ಮಿಷಿಗನ್‌ನ ಪಾಸು ಬೇಕು. ಪಾರ್ಕು ಸ್ವಚ್ಛವಾಯಿತು ಎಂದು ಸಂತೋಷಪಟ್ಟವರಿದ್ದಾರೆ, ತಮ್ಮ ಊರಿನದ್ದು ಕೈತಪ್ಪಿತು ಎಂದು ನೊಂದವರೂ ಇದ್ದಾರೆ. ಶ್ರೀಮಂತ ಉಪನಗರದ ಹಸಿರನ್ನು ನೋಡಿ ಇಡೀ ಅಮೆರಿಕ ಹೀಗೇ ಎಂದು ಊರಿಗೆ ಹೇಳುವ ಮುಂಚೆ ನಾವು ಆ ಸೇತುವೆ ದಾಟಿ ಬರಬೇಕು.

ನಮ್ಮ ಊರಿನ ಕಡೆಗೂ ಒಂದು ನೋಟ. ಕಬ್ಬನ್ ಪಾರ್ಕು ಶುರುವಾದದ್ದು 1870ರಲ್ಲಿ. ಶಿಕಾಗೊದ ಮೊದಲ ಕಮಿಷನ್‌ಗಳಿಗೆ ಆಗ ಒಂದೇ ವರ್ಷ. ಪಾರ್ಕು, ಆಟದ ಬಯಲು ಉಳಿಸಲು 1985ರ ಕಾಯ್ದೆ ಕರ್ನಾಟಕದಲ್ಲೂ ಇದೆ. ಬಡಾವಣೆಯ ಪಾರ್ಕನ್ನು ಕಾಪಾಡಿಕೊಂಡ ನಿವಾಸಿಗಳ ಸಂಘಗಳು ಬೆಂಗಳೂರು, ಮೈಸೂರಿನಲ್ಲಿ ಎಷ್ಟೋ. ಆದರೆ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಬೆಂಗಳೂರಿನ ಪಾಲಿಕೆಗೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇರಲಿಲ್ಲ. ಬೆಂಚು ಕೇಳಲು ಯಾರ ಮುಂದೆ ನಿಲ್ಲಬೇಕು ಎಂಬ ಅಪ್ಪನ ಪ್ರಶ್ನೆ ಅಲ್ಲಿಗೂ ಸಲ್ಲುತ್ತದೆ.

ಬರುವವರಿಗೆ ನಾಲ್ಕು ಮಾತು

ಬೇಸಿಗೆಗೆ ಮಕ್ಕಳ ಮನೆಗೆ ಹೊರಟಿರುವ ಹಿರಿಯರೂ ಹೊಸದಾಗಿ ಕೆಲಸಕ್ಕೆ ಬರುವವರೂ ಇಷ್ಟನ್ನು ನೆನಪಿಡಿ. ಬಂದ ವಾರದಲ್ಲೇ ಊರಿನ ಪಾರ್ಕು ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳಿ. ಇಲಿನಾಯ್‌ನಲ್ಲಿ ಪಾರ್ಕ್ ಡಿಸ್ಟ್ರಿಕ್ಟ್, ಮಿಷಿಗನ್‌ನಲ್ಲಿ ಹೆಚ್ಚಾಗಿ ನಗರ ಅಥವಾ ಟೌನ್‌ಶಿಪ್. ಹಿರಿಯರ ತರಗತಿಗಳಿಗೆ ಬಂದು ಹೋಗುವ ಪೋಷಕರನ್ನೂ ಸೇರಿಸಿಕೊಳ್ಳುತ್ತಾರೆಯೆ ಎಂದು ಕೇಳಿ. ಎಷ್ಟೋ ಕಡೆ ಹೌದು ಎನ್ನುತ್ತಾರೆ. ಪಿಕ್ನಿಕ್ ಮಂಟಪಗಳನ್ನು ತಿಂಗಳುಗಳ ಮುಂಚೆ ಕಾಯ್ದಿರಿಸಬೇಕು; ಕನ್ನಡ ಕೂಟದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಕತ್ತಲಾದ ಮೇಲೆ ಹೆಚ್ಚಿನ ಪಾರ್ಕು ಮುಚ್ಚುತ್ತವೆ, ಹೂ ಹಣ್ಣು ಕೀಳುವಂತಿಲ್ಲ, ಬಾತುಗಳಿಗೆ ಉಳಿದ ಅನ್ನ ಹಾಕುವಂತಿಲ್ಲ. ಅಮ್ಮನಿಗೆ ಆ ಕೊನೆಯದು ಇನ್ನೂ ಒಪ್ಪಿಗೆಯಾಗಿಲ್ಲ.

ಮತ ಹಾಕಲು, ಚುನಾವಣೆಗೆ ನಿಲ್ಲಲು ಪೌರತ್ವ ಬೇಕು. ಈ ಗಡಿಯನ್ನು ಯಾರೂ ತಪ್ಪಿ ದಾಟಬಾರದು. ಪೌರರಲ್ಲದವರು ಮತದಾರರ ಪಟ್ಟಿಗೆ ಹೆಸರು ಹಾಕಿಸಿಕೊಂಡರೆ ವೀಸಾಕ್ಕೇ ಕುತ್ತು. ಮಾತಾಡಲು ಮಾತ್ರ ಅಂಥ ತಡೆಯಿಲ್ಲ.

ನಾವು ಶಿಕಾಗೊ ಬಿಟ್ಟ ಮೇಲಿನ ವಸಂತದಲ್ಲಿ ಹಳೆಯ ಪಕ್ಕದ ಮನೆಯವರು ಒಂದು ಫೋಟೊ ಕಳಿಸಿದರು. ಕೊಳದ ಆಚೆ ಬದಿಯಲ್ಲಿ, ಮೋರಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಹೊಸ ಕಾಂಕ್ರೀಟಿನ ಮೇಲೆ ಹಸಿರು ಬೆಂಚು. ಅದರ ಮೇಲೆ ಗುಜರಾತಿ ಹಿರಿಯರು ಟೋಪಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ನಮಗೆ ಗೊತ್ತಿಲ್ಲದ ಒಬ್ಬ ಅಮೆರಿಕನ್ ಅಜ್ಜಿ, ಕೈಯಲ್ಲಿ ನಾಯಿಯ ಹಗ್ಗ. ಫೋಟೊವನ್ನು ಅರಸೀಕೆರೆಗೆ ಕಳಿಸಿದೆವು. ಅಪ್ಪ ಹತ್ತು ನಿಮಿಷದಲ್ಲಿ ಫೋನು ಮಾಡಿದರು.

"ಒಂದೇನಾ ಹಾಕಿರೋದು?" ಎಂದು ಕೇಳಿದರು. "ಅಷ್ಟು ದೊಡ್ಡ ಸುತ್ತಿಗೆ ಇನ್ನೊಂದು ಬೇಕು. ಮುಂದಿನ ಸಲ ಬಂದಾಗ ನೋಡ್ತೀನಿ."